ಬೇಲಿ ದಾಟುವ ಮನುಷ್ಯನ ಚಿತ್ರ

ಹೋದ ಭಾನುವಾರ ಮಧ್ಯಾಹ್ನ ಊಟದ ತಟ್ಟೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದಾಗ ಮೈಸೂರಿನಿಂದ ವಾಟ್ಸಾಪ್ ಕಾಲ್ ಬಂತು. ಮೊದಲು ನನ್ನ ಜೊತೆ ಆಫೀಸಿನಲ್ಲಿದ್ದವರೊಬ್ಬರ ಹೆಂಡತಿ. ಅವರು ತೀರಿಕೊಂಡು ಒಂದೂವರೆ ವರ್ಷವಾಯಿತು. ಆಮೇಲೆ ಆಕೆ ಫೋನ್ ಮಾಡಿದ್ದು ಯುಗಾದಿಗೊಮ್ಮೆ, ಅಷ್ಟೇ. ವರ್ಷಾಬ್ದಿಕ ಮುಗಿದ ಮೇಲೆ ಇದು ಮೊದಲ ಪಕ್ಷಮಾಸ, ಮಗನ ಕೈಗೆ ಕೊಡೋಣ ಅಂತ ಇವರ ತರ್ಪಣದ ಡಬ್ಬಿ ತೆಗೆದೆ ಆಂಟಿ, ಅಂದಳು. ಪಂಚಪಾತ್ರೆ, ಉದ್ಧರಣೆ, ಎಳ್ಳಿನ ಭರಣಿ. ಎಲ್ಲದರ ತಳದಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಕಾರ್ಡು. ಅಮೆರಿಕದ ಯಾವುದೋ ರಾಜ್ಯದ್ದು. ಇವರ ಹೆಸರು, ಹುಟ್ಟಿದ ತಾರೀಕು, ಎತ್ತರ, ಕಣ್ಣಿನ ಬಣ್ಣ ಬ್ರೌನ್ ಅಂತ ಬೇರೆ ಬರೆದಿದೆ. ಮೇಲೆ ದಪ್ಪಕ್ಷರದಲ್ಲಿ ಹಂಟಿಂಗ್ ಲೈಸೆನ್ಸ್.

ಆಮೇಲೆ ಕೇಳಿದಳು:

"ಆಂಟಿ, ಇವರು ಬೇಟೆ ಆಡ್ತಿದ್ರಾ?"

ಆಫೀಸಿನ ಪಾರ್ಟಿಯಲ್ಲಿ ಕೇಕಿಗೆ ಮೊಟ್ಟೆ ಹಾಕಿದ್ದಾರೆಂದು ಗೊತ್ತಾಗಿ ಬಾಯಲ್ಲಿದ್ದ ತುಣುಕನ್ನು ಟಿಶ್ಯೂಗೆ ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿ ಬಂದ ಮನುಷ್ಯ ಅವರು. ನಾನು ಏನಾದರೂ ಹೇಳಬೇಕಿತ್ತು. ಲೈನ್ ಸರಿಯಿಲ್ಲಮ್ಮ, ನಾಳೆ ಬೆಳಿಗ್ಗೆ ನಾನೇ ಮಾಡ್ತೀನಿ ಅಂದು ಇಟ್ಟುಬಿಟ್ಟೆ. ಲೈನ್ ಕ್ರಿಸ್ಟಲ್ ಕ್ಲಿಯರ್ ಆಗಿತ್ತು.

ಅವರನ್ನು ನಾನು ಮೊದಲು ನೋಡಿದ್ದು ಸಿಂಗಪುರದ ಕಾಕಿ ಬುಕಿತ್‌ನ ಒಂದು ಫ್ಯಾಕ್ಟರಿ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ. ಕೆಳಗಿನ ಮೂರು ಮಹಡಿಗಳಲ್ಲೂ ಕಾರು ರಿಪೇರಿ. ಲಿಫ್ಟ್ ಹತ್ತಿದರೆ ಸ್ಪ್ರೇ ಪೇಂಟಿನ ವಾಸನೆ. ಮೇಲೆ ನಮ್ಮ ಆಫೀಸು, ಹದಿನೈದು ಜನ. ಕಂಪ್ಯೂಟರಿನಲ್ಲಿ ಓದಿಕೊಳ್ಳುವ ಪಾಠಗಳನ್ನು ತಯಾರು ಮಾಡುವ ಕೆಲಸ. ಫೋರ್ಕ್‌ಲಿಫ್ಟ್ ಓಡಿಸೋದು ಹೇಗೆ, ಹೋಟೆಲ್ ಕಿಚನ್ನಿನಲ್ಲಿ ಬೆಂಕಿ ಬಿದ್ದರೆ ಏನು ಮಾಡಬೇಕು, ಇಂಥವು. ನನ್ನ ಯಜಮಾನರು ಹೋದ ಮೇಲೆ ಜುರಾಂಗ್ ವೆಸ್ಟ್‌ನ ಫ್ಲ್ಯಾಟಿನಲ್ಲಿ ಟಿವಿ ನೋಡಿ ನೋಡಿ ಸಾಕಾಗಿತ್ತು. ವಾರಕ್ಕೆ ಮೂರು ದಿನ ಪ್ರೂಫ್‌ರೀಡಿಂಗ್ ಅಂತ ಕಂಡಿದ್ದಕ್ಕೆ ಅಪ್ಲೈ ಮಾಡಿದೆ. ಆಗ ನನಗೆ ಅರವತ್ತನಾಲ್ಕು. ಇಲ್ಲಿಯವನೇ ಆದ ಬಾಸ್ ಇಂಟರ್‌ವ್ಯೂನಲ್ಲಿ ಹೇಳಿದ್ದು ಇಷ್ಟೇ: "ಆಂಟಿ, ಯು ಚೆಕ್ ಇಂಗ್ಲಿಷ್ ಓನ್ಲಿ. ಅದರ್ ಥಿಂಗ್ಸ್ ಡೋಂಟ್ ವರಿ." ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಒಂದು ಕಾಮಾ ತಪ್ಪಿದರೆ ನಮ್ಮ ಸಿಸ್ಟರ್ ಸ್ಕೇಲನ್ನು ಅಡ್ಡ ತಿರುಗಿಸಿ ಬೆರಳಿನ ಗಿಣ್ಣಿಗೆ ಕೊಡುತ್ತಿದ್ದರು. ಇಂಗ್ಲಿಷ್ ಚೆಕ್ ಮಾಡೋದು ನನಗೆ ಕೆಲಸವಲ್ಲ, ಚಟ.

ಅವರು ಅಲ್ಲಿ ಕಂಟೆಂಟ್ ಲೀಡ್, ಪಾಠಗಳ ಉಸ್ತುವಾರಿ. ನಲವತ್ತೈದರ ಆಸುಪಾಸು, ತೋಳು ಮಡಿಸದ ಬಿಳಿ ಶರ್ಟು, ಜೇಬಿನಲ್ಲಿ ಆರು ಇಂಚಿನ ಉಕ್ಕಿನ ಸ್ಕೇಲು. ಅದನ್ನು ಕಂಪ್ಯೂಟರ್ ಸ್ಕ್ರೀನಿಗೇ ಒತ್ತಿ ಮಾರ್ಜಿನ್ ಅಳೆಯುತ್ತಿದ್ದರು. ಮೈಸೂರಿನವಳು ಅಂದ ತಕ್ಷಣ ಮುಖ ಅರಳಲಿಲ್ಲ, ಪೇಟೆಯಲ್ಲಿ ಯಾವ ಬೀದಿ ಅಂತ ಕೇಳಿದರು. ಹೇಳಿದೆ. "ಹಾಗಾದ್ರೆ ನಿಮ್ಮ ಮದುವೆ ಲಗ್ನಪತ್ರಿಕೆ ನಮ್ಮ ಪ್ರೆಸ್ಸಲ್ಲೇ ಆಗಿರ್ಬೇಕು ಮೇಡಂ," ಅಂದರು. ಅವರ ತಂದೆ ಲಗ್ನಪತ್ರಿಕೆ ಅಚ್ಚುಹಾಕುವವರು. ಅಚ್ಚಿನ ಮೊಳೆ ಜೋಡಿಸುತ್ತಾ ಬೆಳೆದ ಮಗ ಕಂಪ್ಯೂಟರಿಗೆ ಬಂದು, ಕಂಪ್ಯೂಟರಿನಿಂದ ಸಿಂಗಪುರಕ್ಕೆ ಬಂದಿದ್ದರು.

ಅಪ್ಪನಿಂದ ಬಂದ ಒಂದು ನಿಯಮವನ್ನು ಅವರು ಯಾವತ್ತೂ ಬಿಡಲಿಲ್ಲ. ಪುಟದಲ್ಲಿರುವ ಯಾವ ಮುಖವೂ ಪುಟದ ಒಳಗೇ ನೋಡಬೇಕು, ಹೊರಗೆ ನೋಡಬಾರದು. ಎಡಗಡೆಯ ಗಣಪತಿ ಬಲಕ್ಕೆ ತಿರುಗಿರಬೇಕು, ಬಲಗಡೆಯ ನವಿಲು ಎಡಕ್ಕೆ. ಹೊರಗೆ ನೋಡುವ ದೇವರು ಮದುವೆಮನೆ ಬಿಟ್ಟು ಹೊರಟ ಹಾಗೆ ಅಂತ ಅಪ್ಪ ಬೈಯುತ್ತಿದ್ದರಂತೆ. ಒಮ್ಮೆ ಹಾಗೆ ಅಚ್ಚಾಗಿಹೋದ ಇನ್ನೂರು ಪತ್ರಿಕೆಗಳನ್ನು ರಾತ್ರೋರಾತ್ರಿ ಒಲೆಗೆ ಹಾಕಿ ಹೊಸದಾಗಿ ಹೊಡೆದರಂತೆ. ಇವರು ಅದನ್ನೇ ಫೋರ್ಕ್‌ಲಿಫ್ಟಿಗೂ ಹಚ್ಚಿದ್ದರು. ಎಂಆರ್‌ಟಿ ರೈಲಿನಲ್ಲಿ ಜಾಹೀರಾತು ನೋಡಿದರೂ ಅದೇ. ನಾವಿಬ್ಬರೂ ಬೂನ್ ಲೇಯಲ್ಲಿ ಹತ್ತಿ ಯೂನೋಸ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು, ರೈಲೇ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಐವತ್ತು ನಿಮಿಷ ಮೌನ, ಹತ್ತು ನಿಮಿಷ ಜಾಹೀರಾತಿನ ವಿಮರ್ಶೆ. ಶಾಂಪೂ ಹಿಡಿದ ಹುಡುಗಿಯೊಬ್ಬಳನ್ನು ತೋರಿಸಿ, "ನೋಡಿ ಮೇಡಂ, ಬಾಗಿಲ ಕಡೆ ಮುಖ ಮಾಡ್ಕೊಂಡು ನಿಂತಿದಾಳೆ. ಮುಂದಿನ ಸ್ಟೇಷನ್ನಲ್ಲಿ ಇಳಿದು ಹೋಗ್ತಾಳೆ," ಅಂದಿದ್ದರು. ನಗಲಿಲ್ಲ. ಅವರು ಜೋಕ್ ಮಾಡುತ್ತಿದ್ದರೋ ಇಲ್ಲವೋ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಎರಡು ಸಾವಿರದ ಹನ್ನೆರಡರಲ್ಲೋ ಹದಿಮೂರರಲ್ಲೋ ನಮ್ಮ ಬಾಸ್ ಅಮೆರಿಕದ ಒಂದು ಕಂಪನಿಯಿಂದ ದೊಡ್ಡ ಕೆಲಸ ತಂದ. ಅಲ್ಲಿಯ ಒಂದು ರಾಜ್ಯದಲ್ಲಿ ಬೇಟೆಯಾಡಲು ಲೈಸೆನ್ಸ್ ಬೇಕಾದರೆ ಹಂಟರ್ ಸೇಫ್ಟಿ ಕೋರ್ಸ್ ಮುಗಿಸಬೇಕು. ಆ ಕೋರ್ಸಿನ ಆನ್‌ಲೈನ್ ಪಾಠವನ್ನು ನಾವು ಜೋಡಿಸಿಕೊಡಬೇಕು. ಮ್ಯಾಟರ್ ಅವರದು, ಚಿತ್ರ ಮತ್ತು ಲೇಔಟ್ ನಮ್ಮದು. ಬಂದೂಕು ಹಾರಿಸಿದರೆ ನೇಣು ಹಾಕುವ ಊರಿನಲ್ಲಿ ಕೂತು ನಾವು ಬಂದೂಕು ಹಿಡಿಯೋದು ಹೇಗೆ ಅಂತ ಹೇಳಿಕೊಡಲು ಶುರುಮಾಡಿದೆವು.

ಅವರು ಆ ಕೆಲಸವನ್ನು ವ್ರತದ ಹಾಗೆ ಹಿಡಿದರು. ಜಿಂಕೆಯ ಶ್ವಾಸಕೋಶ ಮುಂಗಾಲಿನಿಂದ ಎಷ್ಟು ಹಿಂದೆ ಇರುತ್ತೆ, ಗಾಯಗೊಂಡ ಜಿಂಕೆಯ ಹಿಂದೆ ಎಷ್ಟು ಹೊತ್ತು ಬಿಟ್ಟು ಹೋಗಬೇಕು, ಎಲ್ಲ ಮೊಸರನ್ನದ ಡಬ್ಬಿ ತೆರೆದುಕೊಂಡೇ ವಿವರಿಸುತ್ತಿದ್ದರು. ನಮ್ಮಲ್ಲಿ ಡಿಸೈನರ್ ಆಗಿದ್ದ ಹುಡುಗಿ, ಇಲ್ಲೇ ಹುಟ್ಟಿ ಬೆಳೆದ ಕನ್ನಡದವರ ಮಗಳು, ದಿನಾ ರೇಗಿಸುವಳು: "ಅಂಕಲ್, ಮೊಟ್ಟೆನೂ ತಿನ್ನಲ್ಲ ನೀವು, ಹಂಟಿಂಗ್ ಹೇಗೆ ಟೀಚ್ ಮಾಡ್ತೀರ ಲಾ?" ಅದಕ್ಕೆ ಇವರು, ನಾನು ಬೇಟೆ ಹೇಳಿಕೊಡ್ತಿಲ್ಲ, ಬೇಟೆಗೆ ಹೋದವನು ಸಂಜೆ ಮನೆಗೆ ವಾಪಸ್ ಬರೋದನ್ನ ಹೇಳಿಕೊಡ್ತಿದೀನಿ ಅಂದರು.

ಕೋರ್ಸಿನ ನಿಯಮಗಳು ಅವರ ಮೈಗೆ ಹತ್ತಿಕೊಂಡವು. ಎಲ್ಲಾ ಬಂದೂಕನ್ನೂ ಗುಂಡು ತುಂಬಿದೆ ಅಂತಲೇ ತಿಳಿಯಬೇಕು. ಅದರ ಬಾಯಿ ಯಾವತ್ತೂ ಯಾವ ಜೀವದ ಕಡೆಗೂ ತಿರುಗಿರಬಾರದು. ಯೂನೋಸ್ ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ಕೊಡೆಯ ತುದಿಯನ್ನು ಹಿಂದೆ ಚಾಚಿ ಹಿಡಿದ ಜನರನ್ನು ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಕೊಡೇನೂ ಲೋಡ್ ಆಗಿದೆ ಅಂತಲೇ ತಿಳ್ಕೋಬೇಕು ಮೇಡಂ, ಅನ್ನುವರು. ನನ್ನ ಕೊಡೆಯನ್ನು ಎರಡು ಸಲ ತಾವೇ ತಿರುಗಿಸಿ ನೆಲಕ್ಕೆ ಮುಖ ಮಾಡಿಸಿದ್ದರು.

ಈಗ ಆ ಚಿತ್ರದ ವಿಷಯ. ಏಳನೆಯ ಪಾಠ. ಒಬ್ಬನೇ ಬೇಟೆಗೆ ಹೋದವನು ತಂತಿಬೇಲಿ ದಾಟುವುದು ಹೇಗೆ. ಮೊದಲು ಗುಂಡು ತೆಗೆಯಬೇಕು. ಆಮೇಲೆ ಬಂದೂಕನ್ನು ಕೆಳತಂತಿಯ ಅಡಿಯಲ್ಲಿ ನೆಲದ ಮೇಲೆ ಮಲಗಿಸಿ ಆಚೆಗೆ ಸರಿಸಬೇಕು, ಬಾಯಿ ತನ್ನಿಂದ ಆ ಕಡೆಗೆ ಇರುವ ಹಾಗೆ. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದು, ಕಂಬದ ಹತ್ತಿರ ದಾಟಬೇಕು. ಸ್ಕ್ರೀನಿನ ಎಡಗಡೆ ಈ ಮಾತುಗಳು, ಬಲಗಡೆ ಚಿತ್ರ. ಚಿತ್ರದಲ್ಲಿ ಬೇಟೆಗಾರ ಬೇಲಿಯ ಎಡಕ್ಕೆ ನಿಂತು ಬಲಕ್ಕೆ ನೋಡುತ್ತಿದ್ದ. ಅಂದರೆ ಪುಟದ ಹೊರಗೆ.

ಅವತ್ತು ಆ ಹುಡುಗಿ ರಜೆಯಲ್ಲಿದ್ದಳು. ಇವರು ತಾವೇ ಚಿತ್ರವನ್ನು ತೆರೆದು ಮನುಷ್ಯನನ್ನೂ ಬೇಲಿಯನ್ನೂ ಹಿಡಿದು ಕನ್ನಡಿಯ ಹಾಗೆ ತಿರುಗಿಸಿದರು. ಈಗ ಅವನು ಬೇಲಿಯ ಬಲಕ್ಕೆ ಬಂದು ಎಡಕ್ಕೆ, ಪುಟದ ಒಳಗೆ, ನೋಡತೊಡಗಿದ. ಆದರೆ ಚಿತ್ರದ ಭಾಗಗಳು ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳ ಹಾಗಿರುತ್ತವೆ. ಬಂದೂಕು ಬೇರೆ ಹಾಳೆಯಲ್ಲಿತ್ತು, ಅದು ತಿರುಗಲಿಲ್ಲ. ಅದರ ಬಾಯಿ ಮೊದಲಿನ ಹಾಗೆ ಬಲಕ್ಕೇ ಇತ್ತು. ಈಗ ಬಲಕ್ಕೆ ಆ ಮನುಷ್ಯ ನಿಂತಿದ್ದ.

ಆ ಪುಟ ನನ್ನ ಮೇಜಿಗೆ ಬಂತು. ಪ್ರತಿ ಪುಟಕ್ಕೂ ಒಂದು ಅಪ್ರೂವಲ್ ಶೀಟು, ಅದರಲ್ಲಿ ಎರಡು ಇನಿಷಿಯಲ್ ಬೇಕು. ನಾನು ಓದಿದೆ. ಬಾಯಿ ನಿಮ್ಮಿಂದ ಆ ಕಡೆಗೆ ಇರಲಿ ಅನ್ನೋ ವಾಕ್ಯವನ್ನು ಎರಡು ಸಲ ಓದಿದೆ, ಅದರಲ್ಲಿ ಒಂದು ಅನವಶ್ಯಕ ಕಾಮಾ ಇತ್ತು. ತೆಗೆದೆ. ಚಿತ್ರವನ್ನೂ ನೋಡಿದೆ, ಚೆನ್ನಾಗಿದೆ ಅನ್ನಿಸಿತು. ಅವರ ಇನಿಷಿಯಲ್ಲಿನ ಕೆಳಗೆ ನನ್ನದು ಹಾಕಿದೆ.

ಏಳು ವಾರ ಆ ಪುಟ ಹಾಗೇ ಇತ್ತು. ಬೇಟೆಯ ಸೀಸನ್ ಶುರುವಾಗುವ ಮುಂಚಿನ ಏಳು ವಾರ. ಜನ ಗಡಿಬಿಡಿಯಲ್ಲಿ ಕೋರ್ಸು ಮುಗಿಸುವ ಕಾಲವೇ ಅದು.

ಹೆಲ್ಪ್‌ಡೆಸ್ಕಿಗೆ ಯಾರೋ ಓದುಗನ ಮೇಲ್ ಬಂತು. ತುಂಬಾ ತಮಾಷೆಯ ಮನುಷ್ಯ ಇರಬೇಕು. ನಿಮ್ಮ ಏಳನೇ ಪಾಠದ ಬೇಟೆಗಾರನಿಗೆ ಜೀವನ ಬೇಸರವಾಗಿದೆಯೇ, ಬೇಲಿ ದಾಟುವ ನೆಪದಲ್ಲಿ ತನ್ನನ್ನೇ ಹೊಡೆದುಕೊಳ್ಳಲು ಹೊರಟಿದ್ದಾನಲ್ಲ ಅಂತ ಬರೆದಿದ್ದ. ನಾನು ಅದನ್ನು ಓದಿ ಜೋರಾಗಿ ನಕ್ಕೆ, ಅವರಿಗೆ ಓದಿ ಹೇಳಲು ಕುರ್ಚಿಯನ್ನೂ ತಿರುಗಿಸಿದೆ. ಅವರು ಪುಟ ತೆರೆದಾಗಿತ್ತು. ಉಕ್ಕಿನ ಸ್ಕೇಲನ್ನು ಸ್ಕ್ರೀನಿಗೆ ಒತ್ತಿ, ಬಂದೂಕಿನ ಬಾಯಿಂದ ಆ ಮನುಷ್ಯನವರೆಗೆ ಒಂದು ಗೆರೆ ಎಳೆದ ಹಾಗೆ ಹಿಡಿದಿದ್ದರು. ಸ್ಕೇಲಿನ ಇನ್ನೊಂದು ತುದಿ ಅವನ ಎದೆಯ ಮೇಲಿತ್ತು. ನನ್ನ ನಗು ಅಲ್ಲೇ ನಿಂತಿತು.

ಹತ್ತು ನಿಮಿಷದಲ್ಲಿ ಚಿತ್ರ ಸರಿಯಾಯಿತು. ಬಾಸ್ ಬಂದು ನೋಡಿ, "ಅಯ್ಯಾ, ಫಿಕ್ಸ್ಡ್ ಆಲ್ರೆಡಿ ಮಾ. ಫಿನಿಶ್," ಅಂದ. ಆ ಏಳು ವಾರದಲ್ಲಿ ಪಾಸಾದ ಪ್ರತಿಯೊಬ್ಬರಿಗೂ ಒಂದು ಮೇಲ್ ಹೋಗಬೇಕು ಅಂತ ಇವರು ಹೇಳಿದರು. ಅವರ ಅಡ್ರೆಸ್ಸುಗಳು ನಮ್ಮ ಸರ್ವರಿನಲ್ಲೇ ಇವೆ, ಒಂದು ಗಂಟೆಯ ಕೆಲಸ. ಬಾಸ್ ಇವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡ. ಕಂಪನಿ ಗೋಡೆ ತೆಳುವಾದ್ದರಿಂದ ನಮಗೆಲ್ಲ ಕೇಳಿಸಿತು. ಆ ಅಡ್ರೆಸ್ಸುಗಳು ಕ್ಲೈಂಟಿನ ಆಸ್ತಿ, ಮುಟ್ಟಿದರೆ ಕೋರ್ಟು. ಕ್ಲೈಂಟಿಗೆ ಹೇಳಿದರೆ ಕಾಂಟ್ರ್ಯಾಕ್ಟ್ ಹೋಗುತ್ತೆ. ಕಾಂಟ್ರ್ಯಾಕ್ಟ್ ಹೋದರೆ ಮೊದಲು ಹೋಗೋದು ವರ್ಕ್ ಪಾಸಿನ ಮೇಲಿರುವವರು, ನಿನ್ನ ಪಾಸ್ ರಿನ್ಯೂ ಆಗೋದು ಯಾವಾಗ? ಮೊದಲು ಗುಂಡು ತೆಗೆಯಿರಿ ಅಂತ ಬರೆದಿದೆಯಲ್ಲ, ಖಾಲಿ ಬಂದೂಕು ಯಾವ ಕಡೆ ನೋಡಿದರೇನು? ಅದಕ್ಕೆ ಇವರ ಉತ್ತರ ಮಾತ್ರ ನಿಧಾನವಾಗಿ, ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವ ಹಾಗೆ ಬಂತು: ಸರ್, ಖಾಲಿ ಅಂದುಕೊಂಡಿದ್ದೇ ಸಿಡಿಯೋದು.

ಅವರ ಮಗ ಆಗ ಪ್ರೈಮರಿ ಫೈವ್, ಐದನೇ ಕ್ಲಾಸು. ಮುಂದಿನ ವರ್ಷ ದೊಡ್ಡ ಪರೀಕ್ಷೆ. ಹೆಂಡತಿಗೆ ಕೆಲಸ ಮಾಡುವ ಪರ್ಮಿಷನ್ ಇರಲಿಲ್ಲ. ಪಾಸ್ ಹೋದರೆ ಮೂವರೂ ಒಂದು ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು.

ಕ್ಲೈಂಟಿಗೆ ಒಂದು ಮೇಲ್ ಬರೆದಿಟ್ಟುಕೊಂಡಿದ್ದರು. ಕಳಿಸಿರಲಿಲ್ಲ. ರೈಲಿನಲ್ಲಿ ಫೋನ್ ನನ್ನ ಕೈಗೆ ಕೊಟ್ಟು ಇಂಗ್ಲಿಷ್ ನೋಡಿ ಅಂದರು. ಇಂಗ್ಲಿಷ್ ಸರಿಯಿತ್ತು. ನಾನು ಏನು ಹೇಳಿದೆ ಅಂತ ಬರೆಯಲೇಬೇಕು. ಹೋಗಲಿ ಬಿಡಿ ಅಂದೆ. ಚಿತ್ರ ಸರಿಯಾಯಿತಲ್ಲ, ಚಿತ್ರ ಯಾರು ಅಷ್ಟು ನೋಡ್ತಾರೆ, ಎಲ್ಲ ಓದೋದು ಅಕ್ಷರಾನೇ, ಅಕ್ಷರ ಕರೆಕ್ಟಾಗಿತ್ತಲ್ಲ ಅಂದೆ. ಅಪ್ರೂವಲ್ ಶೀಟಿನಲ್ಲಿ ನನ್ನ ಇನಿಷಿಯಲ್ ಇದ್ದದ್ದು ನನ್ನ ತಲೆಯಲ್ಲಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಆ ಶೀಟು ನಾನು ಕಳಿಸ್ತಾ ಇಲ್ಲ ಮೇಡಂ. ತಿರುಗಿಸಿದ್ದು ನಾನು," ಅಂದರು.

ಬಿಷಾನ್ ಕಡೆಗೆ ಹೋಗುವವರು ಇಳಿಯುವ ಸ್ಟೇಷನ್ನು ಬಂತು, ಜನ ನುಗ್ಗಿದರು. ಆ ಗದ್ದಲದಲ್ಲೇ ಮೇಲ್ ಕಳಿಸಿಬಿಟ್ಟರು.

ಆಮೇಲೆ ಏನೂ ಆಗಲಿಲ್ಲ. ಕಾಂಟ್ರ್ಯಾಕ್ಟ್ ಹೋಗಲಿಲ್ಲ, ಪಾಸ್ ರಿನ್ಯೂ ಆಯಿತು, ಬಾಸ್ ಹತ್ತು ದಿನ ಮಾತಾಡದೆ ಹನ್ನೊಂದನೇ ದಿನ ಕಾಫಿ ತರಿಸಿಕೊಟ್ಟ. ಕ್ಲೈಂಟಿನಿಂದ ಎರಡು ಸಾಲಿನ ಉತ್ತರ ಬಂತು. ಗಮನಕ್ಕೆ ತಂದಿದ್ದಕ್ಕೆ ಥ್ಯಾಂಕ್ಸ್, ಚಿತ್ರ ಸರಿಯಾಗಿರುವುದನ್ನು ನೋಡಿದ್ದೇವೆ. ಪಾಸಾದವರಿಗೆ ತಿಳಿಸುವ ಮಾತೇ ಇರಲಿಲ್ಲ. ಮತ್ತೆ ಬರೆದರು, ಉತ್ತರವಿಲ್ಲ. ಮೂರನೇ ಸಲ ಬರೆದಾಗ ಆಟೋಮ್ಯಾಟಿಕ್ ರಿಪ್ಲೈ ಬಂತು, ನಿಮ್ಮ ಫೀಡ್‌ಬ್ಯಾಕ್ ನಮಗೆ ಅಮೂಲ್ಯ ಅಂತ. ಅದನ್ನು ನನಗೆ ತೋರಿಸಿ, ಬೈದಿದ್ರೆ ಚೆನ್ನಾಗಿತ್ತು ಮೇಡಂ ಅಂದರು.

ಸೀಸನ್ ಶುರುವಾಯಿತು. ಬೆಳಗಿನ ರೈಲಿನಲ್ಲಿ ಎಲ್ಲರೂ ಫೋನಿನಲ್ಲಿ ಕೊರಿಯನ್ ಸೀರಿಯಲ್ ನೋಡಿದರೆ ಇವರು ಆ ರಾಜ್ಯದ ಸಣ್ಣ ಸಣ್ಣ ಊರುಗಳ ಪೇಪರು ಓದುವರು. ಯಾರದೋ ಹಸು ಕಳೆದದ್ದು, ಹೈಸ್ಕೂಲ್ ಮ್ಯಾಚು, ಚರ್ಚಿನ ಊಟ, ಎಲ್ಲ ಗೊತ್ತು ಅವರಿಗೆ. ನವೆಂಬರ್ ಕೊನೆಗೆ ಒಂದು ದಿನ ಕ್ಲೆಮೆಂಟಿ ದಾಟಿದ ಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದರು. ನಾಲ್ಕೇ ಸಾಲು. ಬೇಲಿ ದಾಟುವಾಗ ತನ್ನದೇ ಬಂದೂಕು ಸಿಡಿದು ಬೇಟೆಗಾರನೊಬ್ಬನಿಗೆ ತೀವ್ರ ಗಾಯ, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ. ಹೆಸರಿರಲಿಲ್ಲ.

ಎಲ್ಲಾ ಸೀಸನ್ನಲ್ಲೂ ಇಂಥದ್ದು ಒಂದೆರಡು ಆಗುತ್ತಂತಲ್ಲ, ನೀವೇ ಹೇಳಿದ್ದು ಅಂದೆ. ಹೌದು ಅಂದರು. ಅವನು ಕೋರ್ಸೇ ಮಾಡಿರಲಿಕ್ಕಿಲ್ಲ, ಐವತ್ತು ವರ್ಷದಿಂದ ಬೇಟೆ ಆಡ್ತಿರೋನು ಇರಬಹುದು ಅಂದೆ. ಇರಬಹುದು ಅಂದರು. ನಾನು ಹೇಳಿದ್ದಕ್ಕೆಲ್ಲ ಹೌದು ಅಂದರು. ಯೂನೋಸ್ ಬಂದಾಗ ಏಳಲೇ ಇಲ್ಲ, ನಾನು ತೋಳು ಹಿಡಿದು ಎಬ್ಬಿಸಿದೆ.

ಆ ಪೇಪರಿಗೆ ಬರೆದರು, ಆಸ್ಪತ್ರೆಗೆ ಬರೆದರು, ಆ ರಾಜ್ಯದ ಇಲಾಖೆಗೆ ಬರೆದರು. ಪ್ರೈವಸಿ ಅಂತ ಯಾರೂ ಏನೂ ಹೇಳಲಿಲ್ಲ. ಪೇಪರಿನಲ್ಲಿ ಮತ್ತೆ ಸುದ್ದಿ ಬರಲಿಲ್ಲ. ಆ ಮನುಷ್ಯ ಸತ್ತನೋ, ಎದ್ದು ಓಡಾಡಿದನೋ, ನಮ್ಮ ಪಾಠ ಓದಿದ್ದನೋ, ಓದಿದ್ದರೂ ಯಾವ ಚಿತ್ರ ನೋಡಿದ್ದನೋ. ನಾಲ್ಕು ಸಾಲಿನ ಆಚೆ ಹೋಗಲು ಬಾಗಿಲೇ ಇರಲಿಲ್ಲ.

ಮಾರನೇ ವರ್ಷ, ಪಕ್ಷಮಾಸದ ದಿನಗಳಲ್ಲಿ ಇರಬೇಕು, ಹಣೆಯ ಮೇಲೆ ಅಂಗಾರ ಇಟ್ಟುಕೊಂಡು ಬಂದಿದ್ದರು, ರೈಲಿನಲ್ಲಿ ಇದ್ದಕ್ಕಿದ್ದ ಹಾಗೆ ಕೇಳಿದರು: "ಬದುಕಿರೋರಿಗೆ ಎಳ್ಳುನೀರು ಬಿಟ್ರೆ ಏನಾಗತ್ತೆ ಮೇಡಂ?"

"ನಾನು ಕಾನ್ವೆಂಟು, ನನ್ನ ಕೇಳ್ತೀರಲ್ಲ," ಅಂತ ನಕ್ಕುಬಿಟ್ಟೆ. ಅವರು ಮತ್ತೆ ಕೇಳಲಿಲ್ಲ.

ಆ ಡಿಸೆಂಬರಿನಲ್ಲಿ ಮಗನ ಪರೀಕ್ಷೆ ಮುಗಿದು ಹೆಂಡತಿ ಮಗ ಮೈಸೂರಿಗೆ ಹೋದರು. ಆಫೀಸ್ ಟೂರ್ ಇದೆ ಅಂತ ಹೇಳಿ ಇವರು ಹೋಗಲಿಲ್ಲ. ಎರಡು ವಾರ ರಜೆ ಹಾಕಿ ಅಮೆರಿಕಕ್ಕೆ ಹೋದರು. ನನಗೊಬ್ಬಳಿಗೇ ಹೇಳಿದ್ದರು. ನಮ್ಮದೇ ಕೋರ್ಸನ್ನು ಸ್ವಂತ ಹೆಸರಿನಲ್ಲಿ, ಮೊದಲ ಪುಟದಿಂದ ಕೊನೆಯವರೆಗೆ, ಉತ್ತರ ಬಾಯಿಪಾಠ ಇದ್ದರೂ ಒಂದೊಂದೇ ಪ್ರಶ್ನೆ ಓದಿ, ಪಾಸು ಮಾಡಿಕೊಂಡಿದ್ದರು. ಚಿಕ್ಕವರಿಗೆ ಕಡ್ಡಾಯವಾದ, ದೊಡ್ಡವರು ಬೇಕಾದರೆ ಮಾತ್ರ ಹೋಗುವ ಒಂದು ಫೀಲ್ಡ್ ಡೇ ಇರುತ್ತೆ, ಬಯಲಿನಲ್ಲಿ ಮಾಡಿ ತೋರಿಸುವುದು. ಅದಕ್ಕೂ ಹೆಸರು ಕೊಟ್ಟಿದ್ದರು.

ಹಿಂದಿರುಗಿದಾಗ ಕಿತ್ತಳೆ ಬಣ್ಣದ ಒಂದು ಟೋಪಿ ಹಾಕಿಕೊಂಡಿದ್ದರು, ಬೇಟೆಗಾರರು ಒಬ್ಬರಿಗೊಬ್ಬರು ಕಾಣಲಿ ಅಂತ ಹಾಕಿಕೊಳ್ಳುವಂಥದ್ದು. ಅಲ್ಲಿ ಚಳಿ, ಹಿಮ, ತಿನ್ನಲು ಬ್ರೆಡ್ಡು ಬಾಳೆಹಣ್ಣು ಬಿಟ್ಟರೆ ಏನೂ ಸಿಗಲಿಲ್ಲ ಅಂತ ಮೊದಲು ಅದನ್ನೇ ಹೇಳಿದರು. ಆಮೇಲೆ ಒಂದೊಂದಾಗಿ ಬಂತು. ಹತ್ತು ಜನ ಹುಡುಗರು ಹುಡುಗಿಯರ ಮಧ್ಯೆ ಇವರೊಬ್ಬರು. ಕಲಿಸುವವನು ಎಪ್ಪತ್ತು ದಾಟಿದ ಮುದುಕ. ತಂತಿಬೇಲಿ ಇತ್ತು. ಇವರ ಸರದಿ ಬಂದಾಗ ಬಂದೂಕನ್ನು ಕೈಗೆ ಕೊಟ್ಟರಂತೆ, ಕಲಿಸಲಿಕ್ಕೆ ಅಂತ ಇಟ್ಟ, ಗುಂಡು ಹೊಡೆಯದ ಬಂದೂಕು. "ತುಂಬಾ ಭಾರ ಇತ್ತು ಮೇಡಂ. ಚಿತ್ರದಲ್ಲಿ ಗೊತ್ತಾಗಲ್ಲ," ಅಂದರು. ನೆಲದ ಮೇಲೆ ಮಲಗಿಸಿದರು. ಬಾಯಿ ಆ ಕಡೆಗೆ ಇದೆಯಾ ಅಂತ ಮೂರು ಸಲ ನೋಡಿದರು. ನಾಲ್ಕು ಹೆಜ್ಜೆ ನಡೆದು ದಾಟಿದರು. ಗುಡ್ ಅಂದನಂತೆ ಮುದುಕ.

ಎಲ್ಲರೂ ಹೋದ ಮೇಲೆ ಆ ಮುದುಕನ ಹತ್ತಿರ ನಿಂತು ಎಲ್ಲ ಹೇಳಿದರಂತೆ. ಏಳು ವಾರ, ಚಿತ್ರ, ಪೇಪರಿನ ನಾಲ್ಕು ಸಾಲು. ಅವನಿಗೆ ಆ ಗಾಯಾಳು ಗೊತ್ತಿರಲಿಲ್ಲ, ರಾಜ್ಯ ಅಷ್ಟು ದೊಡ್ಡದು. ಅದಕ್ಕೇ ನೋಡಿ ಫೀಲ್ಡ್ ಡೇ ಇರೋದು, ಇಲ್ಲಿ ಬಂದವರ ತಪ್ಪನ್ನ ನಾನು ತಿದ್ದುತ್ತೀನಿ ಅಂದನಂತೆ. ಆಮೇಲೆ ತಾನೇ ನೆನಪಿಸಿಕೊಂಡು, ದೊಡ್ಡವರು ಇಲ್ಲಿಗೆ ಬರೋದಿಲ್ಲ ಅಂದನಂತೆ.

ಲೈಸೆನ್ಸ್ ಯಾಕೆ ತಗೊಂಡಿರಿ, ಸರ್ಟಿಫಿಕೇಟ್ ಸಾಕಿತ್ತಲ್ಲ ಅಂತ ಕೇಳಿದ್ದೆ. ಪಾಠ ಓದಿದವನು ಕೊನೆಗೆ ಮಾಡೋದು ಅದೇ ಅಲ್ವಾ ಮೇಡಂ, ಅಂದರು. ಅಂಗಡಿಯಲ್ಲಿ ಮೀನಿನ ಗಾಳ ಮಾರುವ ಹುಡುಗಿ ಎತ್ತರ ಕೇಳಿ, ಕಣ್ಣಿನ ಬಣ್ಣ ಕೇಳಿ ಲೈಸೆನ್ಸ್ ಬರೆದುಕೊಟ್ಟು, ಗುಡ್ ಲಕ್ ಅಂದಳಂತೆ.

ಒಂದು ಬದಲಾವಣೆ ನಾನು ಗಮನಿಸಿದ್ದೆ. ಆಮೇಲಿನ ಯಾವ ಪಾಠದಲ್ಲೂ ಅವರು ಚಿತ್ರ ತಿರುಗಿಸಲಿಲ್ಲ. ಫೋರ್ಕ್‌ಲಿಫ್ಟುಗಳು ಪುಟದಿಂದ ಹೊರಗೆ ಓಡಿದವು, ಅಡುಗೆಯವರು ಗೋಡೆ ನೋಡಿದರು. ಶಾಂಪೂ ಹುಡುಗಿಯ ಬಗ್ಗೆಯೂ ಏನೂ ಅನ್ನುತ್ತಿರಲಿಲ್ಲ. ಸ್ಕೇಲು ಮಾತ್ರ ಜೇಬಿನಲ್ಲಿತ್ತು.

ಎರಡು ವರ್ಷ ಬಿಟ್ಟು ಅವರೇ ಕೆಲಸ ಬಿಟ್ಟು ಮೈಸೂರಿಗೆ ಹೊರಟರು. ಫೇರ್‌ವೆಲ್‌ನಲ್ಲಿ ಮೊಟ್ಟೆ ಇಲ್ಲದ ಕೇಕು ತರಿಸಿದ್ದೆವು. ಹೊರಡುವಾಗ ನನ್ನ ಕೊಡೆಯನ್ನು ಮೂಲೆಯಿಂದ ಎತ್ತಿ, ತುದಿ ಕೆಳಗೆ ಮಾಡಿ ಕೊಟ್ಟರು. ನಾನು ಥ್ಯಾಂಕ್ಸ್ ಅಂದೆ. ಆ ಶೀಟಿನ ಬಗ್ಗೆ ಥ್ಯಾಂಕ್ಸ್ ಅಂತ ಹೇಳಬೇಕು ಅಂದುಕೊಂಡಿದ್ದೆ, ಅದು ಕೊಡೆಗೆ ಸಂದುಹೋಯಿತು.

ಸೋಮವಾರ ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಎಲ್ಲ ಹೇಳಿದೆ. ಬೇಟೆ ಆಡಲಿಲ್ಲಮ್ಮ, ಬೇಲಿ ದಾಟಿದರು ಅಷ್ಟೇ ಅಂದೆ. ನನ್ನ ಕಾಮಾ, ನನ್ನ ಇನಿಷಿಯಲ್, ರೈಲಿನಲ್ಲಿ ಹೋಗಲಿ ಬಿಡಿ ಅಂದದ್ದು, ಯಾವುದನ್ನೂ ಬಿಡಲಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗಿತು, ಆಕೆ ಆರಿಸಲು ಎದ್ದಳು, ಬಂದಳು.

"ಇದ್ಯಾವುದನ್ನೂ ಅವರು ಯಾವತ್ತೂ ಹೇಳ್ಲಿಲ್ಲ ಆಂಟಿ, ನಿಮ್ಮ ವಿಷಯಾನೂ," ಅಂದಳು. ಆಮೇಲೆ, "ಆ ಮನುಷ್ಯ ಏನಾದ ಆಂಟಿ?"

ಗೊತ್ತಿಲ್ಲಮ್ಮ ಅಂದೆ.

ಆಗ ಆಕೆ ಹೇಳಿದಳು. ಪಕ್ಷಮಾಸದಲ್ಲಿ ಚತುರ್ದಶಿ ಬರುತ್ತಲ್ಲ, ಘಾತ ಚತುರ್ದಶಿ, ಆಯುಧದಿಂದ ಸತ್ತವರಿಗೆ ಅಂತಲೇ ಇರುವ ದಿನ. ಇವರ ಮನೆತನದಲ್ಲಿ ಹಾಗೆ ಸತ್ತವರು ಯಾರೂ ಇಲ್ಲ. ಆದರೂ ಪ್ರತಿ ವರ್ಷ ಆ ದಿನ ಸ್ನಾನ ಮಾಡಿ, ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು, ಅಂಗೈಗೆ ಎಳ್ಳು ನೀರು ತಗೊಂಡು ಕೂರುವರು. ಕೂತೇ ಇರುವರು. ಬೆರಳ ಸಂದಿಯಿಂದ ಬಿಡಬೇಕಲ್ಲ, ಬಿಡುತ್ತಿರಲಿಲ್ಲ. ನೀರು ತಾನಾಗಿ ಸೋರಿ, ಎಳ್ಳು ಅಂಗೈಗೆ ಅಂಟಿಕೊಂಡಿರುವುದು. ಯಾರಿಗೆ ಅಂತ ಕೇಳಿದರೆ ಹೆಸರು ಗೊತ್ತಿಲ್ಲ ಅನ್ನುವರು. ಗೋತ್ರ? ಗೊತ್ತಿಲ್ಲ. ಮತ್ತೆ ನೀರು ಬಿಟ್ಟುಬಿಡಿ ಅಂದರೆ, ಬದುಕಿದ್ದರೆ ಅನ್ನುವರು. ಅಷ್ಟೇ ಮಾತು. ಒಂದು ಗಂಟೆ ಬಿಟ್ಟು ಎದ್ದು ಎಳ್ಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಡಬ್ಬಿಯಲ್ಲಿಡುವರು. ಯಾರೋ ಹೇಳಿಕೊಟ್ಟ ಶಾಸ್ತ್ರ ಇರಬೇಕು ಅಂದುಕೊಂಡಿದ್ದೆ ಆಂಟಿ, ಅಂದಳು. ಡಬ್ಬಿಯಲ್ಲಿ ನಾಲ್ಕು ಪೊಟ್ಟಣ ಇವೆ, ಕಾರ್ಡಿನ ಜೊತೆಗೆ.

ನಾನು ಕಾನ್ವೆಂಟು ಅಂತ ನಕ್ಕದ್ದು ನೆನಪಾಯಿತು.

"ಮಗ ಅದನ್ನ ನೋಡಿದ್ದಾನೆ ಆಂಟಿ, ಚಿಕ್ಕಂದಿಂದ. ಅಪ್ಪ ಆ ದಿನ ಯಾರಿಗೆ ಹಿಡೀತಿದ್ರು, ನಾನು ಈ ವರ್ಷ ನೀರು ಬಿಡ್ಬೇಕಾ ಬೇಡ್ವಾ ಅಂತ ಕೇಳ್ತಿದಾನೆ. ಏನ್ ಹೇಳ್ಲಿ?"

ನೀರು ಬಿಡೋದು ಬೇಡ ಅಂತ ಹೇಳಮ್ಮ, ಅಂದೆ. ಆ ಮನುಷ್ಯ ಬದುಕಿದ್ದಾನೆ ಅಂತಲೇ ಇಟ್ಕೊಳ್ಳಿ.

"ಸರಿ ಆಂಟಿ," ಅಂದಳು. ಆಮೇಲೆ ಕೇಳಿದಳು, "ಹಾಗಾದ್ರೆ ಈ ಪೊಟ್ಟಣಗಳನ್ನ ಏನ್ ಮಾಡೋದು?"

ಅಲ್ಲೇ ಇರಲಿ, ಅಂದೆ.